ಗೂಡಿನ ಗಿಲಾಸು

ನಮ್ಮ ಯಜಮಾನರಿಗೆ ಹಳೆಯ ಗಾಜಿನ ಹುಚ್ಚು. ಹೈದರಾಬಾದಿನ ಯಾವುದೋ ನವಾಬರ ಮನೆಯಲ್ಲಿ ಸಾಮಾನು ಮಾರುತ್ತಾರಂತೆ ಎಂದು ಕಿವಿಗೆ ಬಿದ್ದರೆ ಸಾಕು, ಉಣ್ಣುವ ತಾಟು ಬಿಟ್ಟು ಜಹೀರಾಬಾದ್ ಸ್ಟೇಷನ್ನಿಗೆ ಓಡುತ್ತಾರೆ. ಅತ್ತರಿನ ಬಾಟಲಿ, ಹುಕ್ಕಾದ ಬುಡ, ದೀಪದ ಚಿಮಣಿ ಎಲ್ಲ ನಮ್ಮ ಅಲಮಾರಿನಲ್ಲಿ. ನನ್ನ ಸೀರೆಗೆ ಅಲ್ಲಿ ಜಾಗವಿಲ್ಲ. ಉಗುರಿನಿಂದ ಟಿಣ್ ಎನ್ನಿಸಿ, ಕಿವಿಗೆ ಹಿಡಿದು, ಬಿಸಿಲಿಗೆ ತಿರುಗಿಸಿ ಬೆಲೆ ಹೇಳುತ್ತಾರೆ. ಗಾಜಿನ ಮಾತು ಕೇಳುವ ಆ ಕಿವಿಗೆ ನನ್ನ ಮಾತು ಮಾತ್ರ ಕೇಳಿಸುವುದಿಲ್ಲ, ಇರಲಿ.

ಮೊನ್ನೆ ನಾರಾಯಣಖೇಡದಿಂದ ಪರದೆ ಕಟ್ಟಿದ ಗಾಡಿಯಲ್ಲಿ ಖುರ್ಷಿದ್ ಬೇಗಂ ಬಂದರು. ಅವರ ಗಂಡ ದಸ್ತಗೀರ ಸಾಹೇಬರು ತೀರಿಹೋದ ನಮ್ಮ ಮಾವನ ಜೀವದ ಗೆಳೆಯರು. ಮಾವ ಹೋದ ಮೇಲೂ ಸಂತೆಗೆ ಬಂದಾಗಲೆಲ್ಲ ನಮ್ಮ ಕಟ್ಟೆಯ ಮೇಲೆ ಕೂತು, ನೀರು ಕುಡಿದು, ನಾಲ್ಕು ಮಾತಾಡಿ ಹೋಗುತ್ತಿದ್ದರು. ಈ ಬೇಸಿಗೆಯಲ್ಲಿ ಅವರೂ ಕಣ್ಣು ಮುಚ್ಚಿದರು.

ಬೇಗಂ ಕಟ್ಟೆಯ ಮೇಲೆ ಕೂತು, ಮಖಮಲ್ ಬಟ್ಟೆ ಬಿಚ್ಚಿ ಒಂದು ಗಿಲಾಸು ಇಟ್ಟರು. ಹಸಿರು ಗಾಜು, ಮೈತುಂಬ ಕೊರೆದ ದ್ರಾಕ್ಷಿ ಬಳ್ಳಿ. ಯಜಮಾನರು ಟಿಣ್ ಎನ್ನಿಸಿದರು. ಮುಖ ಅರಳಿತು.

"ವಿಲಾಯತಿ ಮಾಲು ಚಾಚಿ! ಇದರ ಜೋಡಿ ಎಲ್ಲೆರ ಸಿಕ್ಕರ ಬೆಲೀನೇ ಕಟ್ಟಾಕ ಆಗಂಗಿಲ್ಲ ನೋಡ್ರಿ."

ಬೇಗಂ ನಕ್ಕರು. "ಮಾರಾಕ ತಂದಿಲ್ಲ ಬೇಟಾ. ಇದರ ಜೋಡಿ ನಿಮ್ಮ ಮನ್ಯಾಗೇ ಅದ. ನಮ್ಮ ಸಾಹೇಬರು ನಿಮ್ಮ ಅಪ್ಪಗ ಕೊಟ್ಟಿದ್ರು. 'ಹೋದಾಗೆಲ್ಲ ನನಗ ಅದರಾಗೇ ನೀರು ಕೊಡ್ತಾರ, ಮನೀ ಮಂದೀಗೂ ಮುಟ್ಟಾಕ ಬಿಡಂಗಿಲ್ಲ' ಅಂತ ಖುಷೀಲೆ ಹೇಳ್ತಿದ್ರು. ಎರಡೂ ಒಂದೇ ಕಡೆ ಇರ್ಲಿ ಅಂದು ಹೋದ್ರು. ಜೋಡಿ ಹಚ್ಚಿ ಇಡು, ಒಂದ್ಸಲ ನೋಡಿ ಹೋಗ್ತೀನಿ."

ನನಗೆ ಹೊರಗಿನ ಗೂಡು ನೆನಪಾಯಿತು. ಯಜಮಾನರು ಒಳಗೆ ಓಡಿ ಅಲಮಾರು ತಡಕಾಡತೊಡಗಿದರು. ಪಾಪ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಊರ ಗಾಜನ್ನೆಲ್ಲ ಬಡಿದು ನೋಡಿದ ಆ ಉಗುರು, ನಮ್ಮದೇ ಹೊರಗೋಡೆಯ ಗೂಡಿನಲ್ಲಿದ್ದ ಗಿಲಾಸನ್ನು ಒಮ್ಮೆಯೂ ಸೋಕಿರಲಿಲ್ಲ. ಸಾಹೇಬರಂಥವರು ಬಂದರೆ ಕುಡಿಯಲೆಂದು ಇಟ್ಟದ್ದು ಅದು, ಆಳು ಪೋಚಪ್ಪ ನೀರು ಕುಡಿಯುವ ತೆಂಗಿನ ಪರಟೆಯ ಪಕ್ಕ. ಕುಡಿದವರೇ ತೊಳೆದು ಬೋರಲು ಹಾಕಬೇಕು. ನಾವು ಮುಟ್ಟಿದರೆ ಜಳಕ ಮಾಡಬೇಕು.

ನಾನು ಒಳಗಿನ ಹಿತ್ತಾಳೆ ಲೋಟ ಹಿಡಿದು ಓಡಿಬಂದೆ. ತಡವಾಗಿತ್ತು. ಅತ್ತೆ ಅಮೃತಬಾಯಿ ತಂಬಿಗೆ ಹಿಡಿದು ನಿಂತೇಬಿಟ್ಟಿದ್ದರು.

"ಬಿಸಿಲಾಗ ಬಂದೀರಿ, ಮದಲ ನೀರು ಕುಡೀರಿ. ಅಲ್ಲೇ ಗೂಡಿನ್ಯಾಗ ಗಿಲಾಸು ಅದ, ತಗೋರಿ."

ಬೇಗಂ ಗೂಡಿಗೆ ಕೈ ಹಾಕಿದರು. ಮಸಿ, ಧೂಳು. ದುಪಟ್ಟಾದಿಂದ ಒರೆಸಿದರು. ಹಸಿರು ಕಂಡಿತು, ದ್ರಾಕ್ಷಿ ಬಳ್ಳಿ ಕಂಡಿತು. ಅಯ್ಯೋ ಶಿವನೇ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಸಾಹೇಬರು ಇಷ್ಟು ವರ್ಷ ಇದರಲ್ಲೇ ಕುಡಿದು, ತಾವೇ ತೊಳೆದಿಟ್ಟು, ಮನೆಗೆ ಹೋಗಿ ಹೆಂಡತಿಯ ಮುಂದೆ ನಮ್ಮ ಮಾನ ಕಾಯ್ದಿದ್ದರು.

ಅತ್ತೆ ಎತ್ತರದಿಂದ ನೀರು ಹೊಯ್ದರು. ಬೇಗಂ ಪೂರ್ತಿ ಕುಡಿದರು. ಗಿಲಾಸು ತೊಳೆದು ಬೋರಲು ಹಾಕಿದರು. ಕಟ್ಟೆಯ ಮೇಲಿದ್ದ ಇನ್ನೊಂದನ್ನೂ ತಂದು ಅದರ ಪಕ್ಕಕ್ಕೇ ಬೋರಲು ಹಾಕಿದರು. ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಜೋಡಿ ಆತು ಬೇಟಾ," ಎಂದರು ಬೇಗಂ. "ಸಾಹೇಬರು ಸುಳ್ಳು ಹೇಳಿಲ್ಲ. ಮನೀ ಮಂದಿ ಯಾರೂ ಮುಟ್ಟಿಲ್ಲ."

ಗಾಡಿ ಹೋಯಿತು. ಯಜಮಾನರು ಗೂಡಿನತ್ತ ಕೈ ಚಾಚಿದರು.

"ತುಳಜಾ, ಮುಟ್ಟಬ್ಯಾಡೋ! ಜಳಕ ಆಗ್ಯದ ನಿಂದು," ಅತ್ತೆ ಮಗನಿಗೆ ಕೂಗಿ ಹೇಳಿದರು.

ಕೈ ಹಿಂದಕ್ಕೆ ಬಂತು. ಆ ಕೈಯ ಮೇಲೆ ಬಂದಷ್ಟು ಸಿಟ್ಟು ನನಗೆ ಯಾವತ್ತೂ ಯಾರ ಮೇಲೂ ಬಂದಿರಲಿಲ್ಲ. ನನ್ನ ಮುಖ ನೋಡದೆ ಅವರು ಮೆಲ್ಲಗೆ ಹೇಳಿದರು: "ಬೂದಿ ಹಚ್ಚಿ ಒಮ್ಮೆ ತೊಳೆದು ಕೊಡು."

"ಗಿಲಾಸು ಅವರೇ ತೊಳೆದಿಟ್ಟು ಹೋಗ್ಯಾರ್ರಿ," ಎಂದೆ. "ನಾ ಏನು ತೊಳೀಲಿ?"