ಗೋಡೆಗೆ ಬಾಗಿದ ಪಾರ್ಸ್ಲಿ

ಸುಡುವ ಮರುಭೂಮಿಯ ಗಣಿಯೂರು ಕೂಬರ್ ಪೀಡಿಯಲ್ಲಿ ನೆಲದ ಮೇಲೆ ಸೊಪ್ಪು ಬೆಳೆಯುತ್ತೇನೆಂದು ಹೊರಟವರಿಗೆ ತಲೆ ಕೆಟ್ಟಿದೆ ಎಂದೇ ಲೆಕ್ಕ. ಅದಕ್ಕೇ ಫೋತಿನಿ ಊರಿನ ಎಲ್ಲರಂತೆ ಬಂಡೆ ಕೊರೆದು ಮಾಡಿದ ನೆಲದಡಿಯ ತನ್ನ ಮನೆಯೊಳಗೆ, ಅಡುಗೆಮನೆಯ ಕಲ್ಲಿನ ಚಾವಣಿಯಲ್ಲಿ ಬೆಳಕಿಗೆಂದು ಕೊರೆದ ಕಿಂಡಿಯ ಕೆಳಗೆ ಕೊತ್ತಂಬರಿಯಂಥ ಪಾರ್ಸ್ಲಿ ಸೊಪ್ಪಿನ ಕುಂಡಗಳನ್ನು ಸಾಲಾಗಿ ಇಟ್ಟಿದ್ದಳು. ಮಕ್ಕಳಿಲ್ಲದ ಮನೆ, ಅವಳ ಮುದ್ದೆಲ್ಲ ಆ ಸೊಪ್ಪಿಗೇ.

ಅಂಥ ಸೊಪ್ಪು ಈ ಬೇಸಿಗೆಯಲ್ಲಿ ಬೆಳಕಿಗೆ ಬೆನ್ನು ಹಾಕಿ ಎದುರಿನ ಕತ್ತಲೆ ಗೋಡೆಯತ್ತ ಬಾಗತೊಡಗಿತು. ಕುಂಡ ತಿರುಗಿಸಿಟ್ಟರೆ ಬೆಳಗಾಗುವಷ್ಟರಲ್ಲಿ ಮತ್ತೆ ಗೋಡೆಯತ್ತಲೇ. ಎಲೆ ಚಿವುಟಿ ಮಾಂಸದುಂಡೆಗೆ ಹಾಕಿದರೆ ಸ್ತ್ರಾತೋಸನ ತಂಬಾಕಿನ ವಾಸನೆ.

ಸ್ತ್ರಾತೋಸ್ ಅವಳ ಗಂಡ. ಆ ಗೋಡೆಯಾಚೆ ಓಪಲ್ ಹರಳಿಗಾಗಿ ಸುರಂಗ ಕೊರೆಯುತ್ತಿದ್ದವನು ವರ್ಷಗಳ ಹಿಂದೆ ಒಂದು ದಿನ ಮನೆಗೆ ಬರಲಿಲ್ಲ. "ಅಡಿಲೇಡ್ ಬಸ್ ಹತ್ತಿದ, ಅತ್ತಿಗೆ. ಜೊತೆಗೆ ಒಬ್ಳಿದ್ಳು. ಕಣ್ಣಾರೆ ಕಂಡೆ" ಎಂದವನು ಲೆಫ್ತೇರಿಸ್. ಗಂಡನ ಜೊತೆ ಗಣಿ ಅಗೆಯುತ್ತಿದ್ದವನು, ಅವರ ಮದುವೆಯಲ್ಲಿ ಗ್ರೀಕರ ಪದ್ಧತಿಯಂತೆ ಆಪ್ತ ಗೆಳೆಯನಾಗಿ ವಧೂವರರ ತಲೆಯ ಮೇಲೆ ಕಿರೀಟ ಹಿಡಿದವನು. ನಂಬದೆ ಇರುವುದು ಹೇಗೆ? ಅಡುಗೆಮನೆಗೆ ತೆರೆದಿದ್ದ ಸುರಂಗದ ಬಾಯಿಗೆ, ಧೂಳು ಬರಬಾರದೆಂದು, ಅವನೇ ಕಲ್ಲು ಕಟ್ಟಿ ಸಿಮೆಂಟು ಮೆತ್ತಿಕೊಟ್ಟ. ಆ ಉಪಕಾರಕ್ಕೆ ಪ್ರತಿ ಭಾನುವಾರ ಅವನಿಗೆ ಇಲ್ಲೇ ಊಟ. ಗಂಡನಿಗೆ ಬಾಯಿ ತುಂಬ ಶಾಪ. ಕೋಲಿವಾ ಎಂದರೆ ಸತ್ತವರ ಹೆಸರಿನಲ್ಲಿ ಬೇಯಿಸುವ ಸಿಹಿ ಗೋಧಿ. ಬದುಕಿರುವ ದ್ರೋಹಿಗೆ ಅದನ್ನು ಯಾರಾದರೂ ಬೇಯಿಸುತ್ತಾರೆಯೇ?

"ಏನತ್ತಿಗೆ, ನಿನ್ ಸೊಪ್ಪಿಗೂ ನಿನ್ ಥರಾನೇ ಮುನಿಸಾ? ಬೆಳಕಿಗೆ ಬೆನ್ನು ಹಾಕ್ಕೊಂಡು ಕೂತಿದೆ!" ಎಂದು ಲೆಫ್ತೇರಿಸ್ ಆ ಭಾನುವಾರ ನಕ್ಕ.

"ಹಲ್ಲು ಕಿಸೀಬೇಡ, ಉಣ್ಣು. ಆ ಗೋಡೆ ಒಡೆಸಿ ನೋಡೋಣ ಅಂತಿದೀನಿ."

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದ. "ಹುಚ್ಚಾ ನಿಂಗೆ? ಚಾವಣಿ ತಲೆ ಮೇಲೆ ಬೀಳತ್ತೆ. ಮುಟ್ಟಬೇಡ ಅದನ್ನ."

ಅವನು ಹೋದ ಮೇಲೆ ಅವಳು ಗೋಡೆಗೆ ಕಿವಿಗೊಟ್ಟು ನಿಂತಳು. ಏನೂ ಕೇಳಲಿಲ್ಲ. ಗಾಳಿಯೇ ಆಡದ ಆ ಕೋಣೆಯಲ್ಲಿ ಬೆನ್ನ ಹಿಂದೆ ಎಲೆಗಳು ಸರಸರ ಎಂದವು. ಅವಳು ಥಟ್ಟನೆ ತಿರುಗಿ ನೋಡಿದಳು. ಆದರೆ ಭಯಕ್ಕಿಂತ ಹೆಚ್ಚಾಗಿ ಆಸೆಯೊಂದು ಹುಟ್ಟಿತು: ಸ್ತ್ರಾತೋಸ್ ನನ್ನನ್ನು ಬಿಟ್ಟು ಹೋಗದೇ ಇದ್ದಿದ್ದರೆ! ಅಂದರೆ ಸತ್ತಿದ್ದರೆ ಎಂದೇ ಅರ್ಥ ತಾನೆ? ತನ್ನ ಆಸೆಗೆ ತಾನೇ ಹೇಸಿಕೊಂಡಳು.

ಮುಂದಿನ ಭಾನುವಾರ ಗೋಧಿ ಬೇಯಿಸಿದಳು. ಸಕ್ಕರೆ, ಬಾದಾಮಿ, ದಾಳಿಂಬೆ ಕಾಳು ಬೆರೆಸಿದಳು. ಕೊನೆಗೆ ಗೋಡೆಗೆ ಬಾಗಿದ ಪಾರ್ಸ್ಲಿಯನ್ನು ಕೊಯ್ದು ಸಣ್ಣಗೆ ಹೆಚ್ಚಿ ಸೇರಿಸಿದಳು. ಒಂದು ಕುಂಡವನ್ನು ಮಾತ್ರ ಹಾಗೇ ಬಿಟ್ಟಳು.

ಲೆಫ್ತೇರಿಸ್ ಬಂದು ಕುಳಿತಾಗ ಒಂದೂ ಮಾತಾಡದೆ ಕೋಲಿವಾ ಬಟ್ಟಲನ್ನು ಮುಂದಿಟ್ಟಳು. ಉಳಿದಿದ್ದ ಆ ಒಂದು ಕುಂಡದ ಗಿಡ ಈಗ ಗೋಡೆಯನ್ನು ಬಿಟ್ಟು ಅವನ ಕುರ್ಚಿಯತ್ತ ಬಾಗಿತ್ತು. ಅವನ ಕಣ್ಣು ಅದರ ಮೇಲೆ ನೆಟ್ಟಿತು. ಕೈ ತಾನಾಗಿ ಚಮಚ ಎತ್ತಿತು. ಕೋಲಿವಾ ಬಾಯಿಗಿಡುವವರು ಸತ್ತವರ ಹೆಸರು ಹಿಡಿದು ಅವರಿಗಾಗಿ ದೇವರ ಕ್ಷಮೆ ಬೇಡಬೇಕು. ಎಲ್ಲರಿಗೂ ತೊಟ್ಟಿಲಿನಿಂದ ಬಂದ ಅಭ್ಯಾಸ.

"ದೇವರು ಸ್ತ್ರಾತೋಸನನ್ನ ಕ್ಷಮಿಸಲಿ" ಎಂದ.

"ಯಾರ ಕೋಲಿವಾ ಅಂತ ನಾನು ಹೇಳೇ ಇಲ್ವಲ್ಲ, ಲೆಫ್ತೇರಿಸ್."

ಚಮಚ ನೆಲಕ್ಕೆ ಬಿತ್ತು. 

"ಅವನು ಸುರಂಗದೊಳಗಿದ್ದ, ಅತ್ತಿಗೆ. ನೋಡ್ದೆ ಸಿಡಿಮದ್ದಿಗೆ ಬೆಂಕಿ ಇಟ್ಬಿಟ್ಟೆ. ಚಾವಣಿ ಕುಸೀತು. ಜೈಲಿಗೆ ಹಾಕ್ತಾರೆ ಅಂತ ಹೆದರ್ಕೊಂಡೆ."

ಫೋತಿನಿಗೆ ಮೊದಲು ಬಂದದ್ದು ಸಿಟ್ಟಲ್ಲ, ಸಂತೋಷ. ಬಿಟ್ಟು ಹೋಗಿರಲಿಲ್ಲ! ಆಮೇಲೆ ಇಷ್ಟು ವರ್ಷ ಹಾಕಿದ ಶಾಪವೆಲ್ಲ ನೆನಪಾಯಿತು. ಮೂಲೆಯಲ್ಲಿದ್ದ ಪಿಕಾಸಿಯನ್ನು ತಂದು ಲೆಫ್ತೇರಿಸನ ಮಡಿಲಿಗೆ ಹಾಕಿದಳು.

"ನೀನೇ ಕಟ್ಟಿದ್ದು. ನೀನೇ ಒಡಿ."

ಅವನು ಏಳುವ ಮೊದಲು ಅವಳು ಗೋಡೆಗೆ ಅಂಗೈ ಒತ್ತಿದಳು. ಎಂಥ ಬೇಸಿಗೆಯಲ್ಲೂ ತಣ್ಣಗಿರುವ ಆ ಕಲ್ಲು ಬೆಚ್ಚಗಿತ್ತು.

"ಬಂದೆ ಇರು ಮಾರಾಯ," ಎಂದಳು, "ತಡ ಮಾಡ್ಬಿಟ್ಟೆ."