ಹಿರಿಯರ ಶನಿವಾರದ ಬಟ್ಟಲು

ಅಗ್ಲಾಯಾ ತೀರಿಕೊಂಡ ಗಂಡ ಗ್ಲಿಗೋರನ ಹೆಸರಲ್ಲಿ ಕೊಟ್ಟ ಬಟ್ಟಲು ಸೋರಿತಂತೆ ಎಂಬ ಸುದ್ದಿ ಕುಂಬಾರರ ಬೀದಿಯಲ್ಲಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ಇಲಿಂಕಾಳಿಗೆ ಅದನ್ನು ಬೇಲಿಯಾಚೆಯಿಂದ ಹೇಳಿದವಳು, ಆ ಬಟ್ಟಲನ್ನು ಕೈಯೊಡ್ಡಿ ಪಡೆದ ಮುದುಕಿ ಸಾಫ್ತಾಳೇ. ಹಿರಿಯರ ಶನಿವಾರ ಬಂತೆಂದರೆ ಹೊರೆಜು ಊರಿನಲ್ಲಿ ಸತ್ತವರ ಹೆಸರಿನಲ್ಲಿ ಹೊಸ ಬಟ್ಟಲಿಗೆ ಹಾಲು ತುಂಬಿ, ಮೇಣದ ಬತ್ತಿ ಹಚ್ಚಿ ನೆರೆಯವರಿಗೋ ದಾರಿಹೋಕರಿಗೋ ಕೊಡುತ್ತಾರೆ. ಇಲ್ಲಿ ಕೊಟ್ಟದ್ದು ಅಲ್ಲಿ ಅವರಿಗೆ ಸಲ್ಲುತ್ತದೆ.

"ಸಲ್ಲಲಿ ಅಂತ ಬಾಯಿ ತೆಗೆಯೋದ್ರೊಳಗೆ ನನ್ನ ಲಂಗವೆಲ್ಲ ಹಾಲು ಕಣೇ. ಗ್ಲಿಗೋರ್ ತಗೊಳ್ಳಲಿಲ್ಲ, ಅಷ್ಟೇ. ಬದುಕಿದ್ದಾಗ್ಲೂ ಹಠಮಾರೀನೇ."

"ಬಟ್ಟಲಲ್ಲೇ ಏನಾದ್ರೂ ಇತ್ತೇನೋ ಅಜ್ಜಿ."

"ನಿಮ್ಮನೆ ಬಟ್ಟಲಲ್ಲಿ ದೋಷಾನಾ? ಸುಮ್ನಿರು."

ಗಂಡ ಮಿತ್ರು ತಿಗರಿಯಲ್ಲಿ ಎತ್ತಿದ ಬಟ್ಟಲುಗಳಿಗೆ ಚಿತ್ರ ಬರೆಯುವವಳು ಇಲಿಂಕಾ. ಟೊಳ್ಳು ಮಾಡಿದ ಎತ್ತಿನ ಕೊಂಬಿಗೆ ಬಾತಿನ ಗರಿ ಸಿಕ್ಕಿಸಿ, ಅದರ ತುದಿಯಿಂದ ಬಣ್ಣದ ಮಣ್ಣು ಇಳಿಸಿ ಹುಂಜ ಬಿಡಿಸುತ್ತಿದ್ದಳು. ಒಣಗುವಾಗ ಬಿರುಕು ಬಿಟ್ಟದ್ದನ್ನು ಮುರಿದು ಮತ್ತೆ ಮಣ್ಣಿಗೆ ಹಾಕಬೇಕು ಎಂಬುದು ಮಿತ್ರುವಿನ ಕಟ್ಟಪ್ಪಣೆ. ಇವಳಿಗೆ ಮನಸ್ಸು ಬರುತ್ತಿರಲಿಲ್ಲ. ಬಿರುಕಿಗೆ ತೆಳು ಮಣ್ಣು ತಿಕ್ಕಿ, ಅದರ ಮೇಲೆ ಹುಂಜದ ಬಾಲಕ್ಕೊಂದು ಗರಿಯನ್ನು ಉದ್ದಕ್ಕೆ ಎಳೆದು ಆವಿಗೆಗೆ ಕಳಿಸಿಬಿಡುತ್ತಿದ್ದಳು. ಕೊಳ್ಳುವ ಪ್ರವಾಸಿಗರು ಗೋಡೆಗೆ ನೇತುಹಾಕುವವರು, ಹಾಲು ಕುಡಿಯುವವರೇನಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಗಂಡನಿಗೆ ಮಾತ್ರ ಹೇಳಿರಲಿಲ್ಲ.

ಶುಕ್ರವಾರ ಸಂಜೆ ಅಗ್ಲಾಯಾ ಬಂದಾಗ ಒಳ್ಳೆಯವೆಲ್ಲ ಖಾಲಿಯಾಗಿದ್ದವು. ಅವಳು ಮೂಲೆಯ ಕಪಾಟಿಗೆ ಕೈ ಹಾಕಿ ಉದ್ದ ಬಾಲದ ಹುಂಜದ ಬಟ್ಟಲೊಂದನ್ನು ಎತ್ತಿಕೊಂಡಳು.

"ತಟ್ಟಿ ನೋಡ್ಕೋ ಅಕ್ಕಾ" ಎಂದ ಮಿತ್ರು. ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿಯೇ ಬಟ್ಟಲು ಒಯ್ಯುವುದು ಇಲ್ಲಿಯ ರೂಢಿ.

"ಇಲಿಂಕಾ ಕೈಯಿಂದ ಬಂದದ್ದನ್ನ ತಟ್ಟಿ ನೋಡ್ಲಾ? ನಂಗೇನು ತಲೆ ಕೆಟ್ಟಿದ್ಯಾ?"

ಇಲಿಂಕಾ ಬಾಯಿ ತೆರೆದಳು. ಮಿತ್ರು ನೋಡುತ್ತಿದ್ದ. ಮುಚ್ಚಿಕೊಂಡಳು. ಅವಳು ಮಾಡಿದ್ದು ಅಷ್ಟೇ. ಅದೇನು ಮಹಾ ಎನ್ನುವವರು ಎನ್ನಲಿ, ಗಂಡನ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಸತ್ತವನ ಪಾಲಿನ ಹಾಲಿಗೆ ಕನ್ನ ಹಾಕಿದ್ದು ನಿಜ ತಾನೇ.

ಈಗ ಅಗ್ಲಾಯಾಳ ಮನೆಗೆ ಹೋದರೆ, ಅವಳು ಮೇಜಿನ ಮುಂದೆ ಸಾಫ್ತಾ ವಾಪಸ್ ಕೊಟ್ಟ ಆ ಬಟ್ಟಲನ್ನು ಮಗುಚಿಟ್ಟುಕೊಂಡು ಕೂತಿದ್ದಳು.

"ಕೊನೇ ಸಂಜೆ ಹಾಲು ಕೇಳಿದ್ದ ಕಣೇ. ಹುಲ್ಲು ಕೊಯ್ದು ಸುಸ್ತಾಗಿ ಬಂದಿದ್ದೆ. ಎದ್ದು ನೀನೇ ತಗೋ ಅಂದೆ. ಬೆಳಗ್ಗೆ ನೋಡಿದ್ರೆ ಹೋಗ್ಬಿಟ್ಟಿದ್ದ. ಈಗ ನನ್ನ ಕೈ ಹಾಲು ಬೇಡ ಅಂತಿದ್ದಾನೆ."

"ಅವರಲ್ಲ ಅಕ್ಕಾ, ತಪ್ಪು ನಂದು. ಅದು ಬಿರುಕು ಬಟ್ಟಲು. ಗೊತ್ತಿದ್ದೂ ಕೊಟ್ಟೆ."

ಅಗ್ಲಾಯಾ ಅವಳ ಕೈ ಹಿಡಿದುಕೊಂಡಳು. "ನನ್ನ ಸಮಾಧಾನಕ್ಕೆ ನಿನ್ನ ಮನೆ ಹೆಸರನ್ನೇ ಕೆಡಿಸ್ಕೊತೀಯಲ್ಲ. ದೊಡ್ಡ ಮನಸ್ಸು ನಿಂದು."

ಇಲಿಂಕಾಳಿಗೆ ಆ ಹೊಗಳಿಕೆ ಸಹಿಸಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ನೇರ ಮನೆಗೆ ಹೋಗಿ, ಕಪಾಟಿನಲ್ಲಿದ್ದ ಉದ್ದ ಬಾಲದ ಹುಂಜಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡಳು.

"ಎಲ್ಲಿಗೆ?" ಎಂದ ಮಿತ್ರು.

"ನೀನೂ ಬಾ."

ಅಗ್ಲಾಯಾಳ ಮೇಜಿನ ಮೇಲೆ ಬಟ್ಟಲುಗಳನ್ನು ಇಟ್ಟು, ಒಂದೊಂದಕ್ಕೂ ನೀರು ಹುಯ್ದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದರ ಬುಡದಲ್ಲಿ ಹಲಗೆ ಕಪ್ಪಾಯಿತು, ಇನ್ನೊಂದರ ಬುಡದಲ್ಲೂ ಆಯಿತು. ಮಿತ್ರು ಒಂದನ್ನೆತ್ತಿ ಹುಂಜದ ಬಾಲದ ಮೇಲೆ ಬೆರಳಾಡಿಸಿದ. ಆ ಹೆಚ್ಚಿನ ಗರಿಯ ಉದ್ದಕ್ಕೂ ಬೆರಳು ಒದ್ದೆಯಾಯಿತು. ಅವನು ಟೋಪಿ ತೆಗೆದು ಬೆಂಚಿನ ಮೇಲೆ ಕುಳಿತ.

"ಹಾಗಾದ್ರೆ ಗ್ಲಿಗೋರ್ ಬೇಡ ಅಂದಿಲ್ಲ" ಎಂದಳು ಅಗ್ಲಾಯಾ. ಅಳುತ್ತಲೇ ನಕ್ಕಳು. ಬೈಯುವುದನ್ನೂ ಮರೆತು, ಒಳಗೆ ಹೋಗಿ ಹಳೆಯ ಲೋಟವೊಂದಕ್ಕೆ ಹಾಲು ಬಗ್ಗಿಸಿಕೊಂಡು ಸಾಫ್ತಾಳ ಮನೆಯತ್ತ ಓಡಿದಳು.

ಇಲಿಂಕಾ ಗಂಡನ ಬೈಗುಳಕ್ಕೆ ತಲೆಬಾಗಿ ನಿಂತಳು. ಅವನು ಬೈಯಲಿಲ್ಲ. ಮೇಜಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಹೋದ ವರ್ಷ ಅಮ್ಮನ ಹೆಸರಲ್ಲಿ ದಾರಿಹೋಕನೊಬ್ಬನಿಗೆ ಬಟ್ಟಲು ಕೊಟ್ನಲ್ಲ, ನೀನೇ ಆರಿಸಿ ಕೊಟ್ಟಿದ್ದು" ಎಂದ ಮೆಲ್ಲಗೆ. "ಆ ಹುಂಜದ ಬಾಲ ಎಷ್ಟುದ್ದ ಇತ್ತು?"

ಇಲಿಂಕಾ ನೆನಪು ಮಾಡಿಕೊಳ್ಳಲು ನೋಡಿದಳು. ಆ ವರ್ಷ ಬರೆದ ಹುಂಜಗಳೆಲ್ಲ ಕಣ್ಣ ಮುಂದೆ ಬಂದವು. ಅದೊಂದು ಬರಲಿಲ್ಲ.