ಬುಡ ಕಾಣದ ಅಟ್ಟಿ

ಭಾನುವಾರ ಬೆಳಿಗ್ಗೆ ಗಂಡನ ವಾರದ ಅಂಗಿಗಳನ್ನು ನೆನೆಹಾಕಿದರೆ ಬಕೆಟ್ಟಿನ ತಳದಲ್ಲಿ ಅರ್ಧ ಬೆರಳು ದಪ್ಪ ಬಿಳಿ ಕೆಸರು ಕೂರುತ್ತಿತ್ತು. ಬಚ್ಚಲಿಗೆ ಚೆಲ್ಲಿದರೆ ಮೋರಿ ಕಟ್ಟಿಕೊಳ್ಳುತ್ತದೆಂದು ಹೆಂಡತಿ ಅದನ್ನು ಹಿತ್ತಲಿನ ಗೋಡೆಯ ಪಕ್ಕಕ್ಕೆ ಸುರಿಯುತ್ತಿದ್ದಳು. ಮೂರು ವರ್ಷ ಸುರಿದೂ ಸುರಿದೂ ಅಲ್ಲೊಂದು ಗಟ್ಟಿ ದಿಬ್ಬವೇ ಎದ್ದಿತ್ತು. ಗಂಡ ಅದರ ಮೇಲೆ ಕಾಲಿಟ್ಟು ಚಪ್ಪಲಿ ತೊಳೆಯುತ್ತಿದ್ದ. ಅದು ತನ್ನ ಅಂಗಿಯಿಂದಲೇ ಇಳಿದದ್ದು ಎಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಎಲ್ಲರೂ ಅವನನ್ನು ಕರೆಯುವುದು ಅಟ್ಟಿಯಣ್ಣ ಎಂದು. ಕಲ್ಲು ಕೊಯ್ದು ನೆಲಕ್ಕೆ ಹಾಸುವ ಟೈಲ್ಸ್ ಮಾಡುವ ಕಾರ್ಖಾನೆಯಲ್ಲಿ ಅವನಿದ್ದ. ಅದರ ಅಂಗಳದಲ್ಲಿ ಹದಿನಾಲ್ಕು ವರ್ಷ ಟೈಲ್ಸಿನ ಅಟ್ಟಿ ಎಣಿಸುವುದೇ ಅವನ ಕೆಲಸವಾಗಿತ್ತು. ಕೆಳಗಿನಿಂದ ಮೇಲಕ್ಕೆ ಹೆಬ್ಬೆರಳನ್ನು ಸರ್ರನೆ ಎಳೆದರೆ ಮುಗಿಯಿತು, ನಲವತ್ತೊಂದು ಅಂದರೆ ನಲವತ್ತೊಂದೇ. ಒಂದು ಸಲ ಯಾರೋ ಲಾರಿಯಲ್ಲಿ ತಂದ ಅಟ್ಟಿಯ ಅಡಿಗೆ ಮರದ ದಿಮ್ಮಿ ಇಟ್ಟು, ಮುಂದೆ ಗೋಣಿಚೀಲ ಇಳಿಬಿಟ್ಟು, ಎತ್ತರ ಮಾಡಿ ತೋರಿಸಿದ್ದರು. ಅಟ್ಟಿಯಣ್ಣ ಚೀಲ ಎತ್ತಿ ನೋಡಿ ಇಡೀ ಲಾರಿಯನ್ನೇ ವಾಪಸ್ ಕಳಿಸಿದ. ಅಂದಿನಿಂದ ಹೊಸಬರು ಯಾರೇ ಬರಲಿ, ಅವನ ಮೊದಲ ಪಾಠ ಒಂದೇ: "ತಲೆ ಆಮೇಲೆ ನೋಡಪ್ಪ. ಮೊದ್ಲು ಬುಡ ತೋರ್ಸು ಅನ್ನು."

ಇಂಥವನು ಒಂದು ದಿನ ಬುಡ ನೋಡುವುದನ್ನು ಮರೆತ.

ಮೂರು ವರ್ಷದ ಹಿಂದೆ ಕಾರ್ಖಾನೆಯವರು ಊಟದ ಕೋಣೆಯ ಗೋಡೆಗೆ ಒಂದು ಬಣ್ಣದ ಹಾಳೆ ಅಂಟಿಸಿದರು. ಮೇಲೆ ದಪ್ಪ ಅಕ್ಷರದಲ್ಲಿ 'ಕಟಿಂಗ್ ಶೆಡ್ಡಿನಲ್ಲಿ ಧೂಳು ಇಳಿದಿದೆ' ಎಂದಿತ್ತು. ಕೆಳಗೆ ಎರಡು ಕಂಬಗಳ ಚಿತ್ರ. ಹಿಂದಿನ ವರ್ಷದ್ದು ಕೆಂಪು ಕಂಬ, ಉದ್ದ. ಈ ವರ್ಷದ್ದು ಹಸಿರು ಕಂಬ, ಅದರ ಅರ್ಧ. ಅಟ್ಟಿಯಣ್ಣ ತಟ್ಟೆ ಹಿಡಿದುಕೊಂಡೇ ನೋಡಿದ. ಅಟ್ಟಿ ನೋಡಿ ಪಳಗಿದ ಕಣ್ಣು ಅವನದು, ಎರಡು ಎತ್ತರ ಹೋಲಿಸುವುದಕ್ಕೆ ಎಷ್ಟು ಹೊತ್ತು ಬೇಕು? ಧೂಳು ಅರ್ಧಕ್ಕರ್ಧ ಇಳಿದಿದೆ ಎಂದ. ಅಂಗಳದ ಬಿಸಿಲು ಬಿಟ್ಟು, ಕೆಲಸ ಕಾಯಂ ಆಗುತ್ತದೆಂದು, ಕಟಿಂಗ್ ಶೆಡ್ಡಿಗೆ ಹೋದ.

ಮಾರನೆಯ ವರ್ಷ ಹೊಸ ಹಾಳೆ ಬಂತು, ಮತ್ತೆ ಅರ್ಧ. ಅದರ ಮಾರನೆಯ ವರ್ಷವೂ ಅರ್ಧ. ಈ ವರ್ಷವೂ. ಅಷ್ಟರಲ್ಲಿ ಅಟ್ಟಿಯಣ್ಣ ಮನೆಯ ನಾಲ್ಕು ಮೆಟ್ಟಿಲು ಹತ್ತುವಾಗ ಎರಡನೆಯದರಲ್ಲಿ ನಿಂತು ಚಪ್ಪಲಿ ಸರಿಮಾಡಿಕೊಳ್ಳುವ ನಾಟಕ ಆಡಲು ಕಲಿತಿದ್ದ. ಚಪ್ಪಲಿಗೇನೂ ಆಗಿರಲಿಲ್ಲ. ಕೆಮ್ಮಿಗೆ ಅವನು ಕೊಡುತ್ತಿದ್ದ ಕಾರಣಗಳು ದಿನಕ್ಕೊಂದು: ಹವೆ, ಫ್ಯಾನು, ವಯಸ್ಸು.

ಮಗಳು ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು, ಹತ್ತೊಂಬತ್ತರ ಹುಡುಗಿ. ಒಂದು ಸಂಜೆ ಅಟ್ಟಿಯಣ್ಣ ಖುಷಿಯಿಂದ ಸುದ್ದಿ ತಂದ. ಸೂಪರ್‌ವೈಸರಿಗೆ ಹೇಳಿ ಒಪ್ಪಿಸಿದ್ದಾನೆ, ಮಗಳನ್ನು ಬರುವ ಸೋಮವಾರದಿಂದ ಕಟಿಂಗ್ ಶೆಡ್ಡಿಗೆ ತೆಗೆದುಕೊಳ್ಳುತ್ತಾರೆ, ಅವಳೂ ಕಾಯಂ. ಮಗಳು ಫೋನಿನಲ್ಲಿ ಈ ವರ್ಷದ ಹಾಳೆಯ ಫೋಟೋ ತೆಗೆದಿದ್ದಳು. ಅಮ್ಮನಿಗೆ ತೋರಿಸಿ, ಹೆದರಬೇಡ, ಧೂಳು ಅರ್ಧ ಆಗಿದೆ ಎಂದಳು.

ಅಮ್ಮ ಫೋಟೋ ನೋಡಿದಳು. ಆಮೇಲೆ ಹಿತ್ತಲಿನ ದಿಬ್ಬದ ಕಡೆ ನೋಡಿದಳು.

"ಮೊದಲ ವರ್ಷ ಅರ್ಧ, ಮಾರನೆ ವರ್ಷ ಅದರರ್ಧ, ಹೋದ ವರ್ಷ ಅದರಲ್ಲೂ ಅರ್ಧ, ಈಗ ಇನ್ನರ್ಧ. ಇಷ್ಟೊತ್ತಿಗೆ ನಿಮ್ಮ ಶೆಡ್ಡಲ್ಲಿ ಧೂಳು ಹುಡುಕಿದ್ರೂ ಸಿಗಬಾರ್ದಲ್ರೀ. ನನ್ನ ಬಕೆಟ್ಟಿಗೆ ಮಾತ್ರ ಈ ಸುದ್ದಿ ಯಾಕೆ ಮುಟ್ಟಿಲ್ಲ?"

ಅಟ್ಟಿಯಣ್ಣನಿಗೆ ರೇಗಿತು. ಅವಳು ವಯಸ್ಕರ ಸಂಜೆ ಶಾಲೆಗೆ ಸೇರಿ ಆರು ತಿಂಗಳಾಗಿತ್ತು ಅಷ್ಟೇ. ಸ್ಲೇಟು ಹಿಡಿದು ಆರು ತಿಂಗಳಾದವಳು ಇಂಜಿನಿಯರು ಕಂಪ್ಯೂಟರಿನಲ್ಲಿ ಬರೆದದ್ದನ್ನು ತಿದ್ದಲು ಹೊರಟಿದ್ದಾಳೆ ಎಂದು ನಗಾಡಿದ. ನಗು ಅರ್ಧಕ್ಕೆ ಕೆಮ್ಮಾಯಿತು. ಅವಳು ನೀರು ಕೊಟ್ಟಳು.

ಸಂಜೆ ಶಾಲೆಯಲ್ಲಿ ವಾರಕ್ಕೊಮ್ಮೆ ಆಸ್ಪತ್ರೆಯ ನರ್ಸಕ್ಕ ಬಂದು ಪಾಠ ಹೇಳುತ್ತಿದ್ದಳು. ಬಸ್ಸಿನ ವೇಳೆಯ ಪಟ್ಟಿ, ಮಾತ್ರೆಯ ಚೀಟಿ, ಮಗುವಿನ ತೂಕದ ಗೆರೆ, ಕರೆಂಟಿನ ಬಿಲ್ಲಿನ ಮೂಲೆಯ ಪುಟ್ಟ ಕಂಬಗಳು, ಇವನ್ನೆಲ್ಲ ಓದುವುದು ಹೇಗೆಂದು. ಆ ವಾರ ಹೆಂಡತಿ ಮಗಳ ಫೋನನ್ನೇ ಕೇಳಿ ತಂದು ನರ್ಸಕ್ಕನ ಮುಂದಿಟ್ಟಳು. ನರ್ಸಕ್ಕ ಚಿತ್ರವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ, ಕಂಬಗಳನ್ನು ಬಿಟ್ಟು ಎಡಗಡೆಯ ಸಣ್ಣ ಅಂಕಿಗಳನ್ನು ತೋರಿಸಿದಳು. ತೀರಾ ಕೆಳಗಿನ ಅಂಕಿ ಎಷ್ಟು ಎಂದು ಕೇಳಿದಳು.

ಹೆಂಡತಿ ಕೂಡಿಸಿ ಓದಿದಳು. ಎಂಬತ್ತು.

ಸೊನ್ನೆ ಎಲ್ಲಿ ಎಂದಳು ನರ್ಸಕ್ಕ. ಸೊನ್ನೆ ಎಲ್ಲೂ ಇರಲಿಲ್ಲ. ಕೆಂಪು ಕಂಬದ ತಲೆ ತೊಂಬತ್ತೆರಡರಲ್ಲಿತ್ತು, ಹಸಿರಿನದು ಎಂಬತ್ತಾರರಲ್ಲಿ. ಇಳಿದದ್ದು ಬರೀ ಆರು. ಎಂಬತ್ತರವರೆಗಿನ ಕಂಬವನ್ನು ಚಿತ್ರದಿಂದಲೇ ಕತ್ತರಿಸಿ ಹಾಕಿದ್ದರಿಂದ ಆ ಆರು ಅರ್ಧದಷ್ಟು ಕಾಣುತ್ತಿತ್ತು.

"ಇಬ್ಬರನ್ನ ಕತ್ತಿನ ತನಕ ಗೋಡೆ ಹಿಂದೆ ನಿಲ್ಸಿ, ಕಾಣೋದನ್ನ ಮಾತ್ರ ಅಳೆದು, ಇವನು ಅವನ ಅರ್ಧ ಅಂದ ಹಾಗೆ ಇದು," ಎಂದಳು ನರ್ಸಕ್ಕ. "ಸುಳ್ಳು ಅಂಕಿ ಒಂದೂ ಇಲ್ಲ ನೋಡಮ್ಮ. ಎಲ್ಲಾ ನಿಜವೇ. ಅದಕ್ಕೇ ಯಾರನ್ನೂ ಬೈಯೋಕಾಗಲ್ಲ."

ಆಮೇಲೆ ಇನ್ನೊಂದು ಕೇಳಿದಳು. ಇಷ್ಟು ಧೂಳಿದ್ದರೆ ತೊಂದರೆಯಿಲ್ಲ ಎನ್ನುವ ಮಿತಿ ಒಂದಿರಬೇಕಲ್ಲ, ಅದು ಈ ಚಿತ್ರದಲ್ಲಿ ಎಲ್ಲಿದೆ? ಅದೂ ಇರಲಿಲ್ಲ. ಕಾರ್ಖಾನೆಯವರು ಪ್ರತಿ ವರ್ಷ ಉಸಿರು ಊದಿಸಿ ಪರೀಕ್ಷೆ ಮಾಡುತ್ತಾರಲ್ಲ, ಗಂಡನ ಆ ಹಾಳೆಗಳು ಮನೆಯಲ್ಲಿವೆಯೇ ಎಂದೂ ವಿಚಾರಿಸಿದಳು. ಅವು ಅಡುಗೆಮನೆಯ ಕಪಾಟಿನಲ್ಲಿ ಡಬ್ಬಗಳ ಕೆಳಗೆ ಹಾಸಿದ್ದವು.

ಭಾನುವಾರ ಮಧ್ಯಾಹ್ನ. ಮರುದಿನವೇ ಮಗಳು ಶೆಡ್ಡಿಗೆ ಹೋಗಬೇಕು. ಹಿತ್ತಲಿನಲ್ಲಿ ಕಾರ್ಖಾನೆಯಿಂದ ತಂದ ಮೂಲೆ ಮುಕ್ಕಾದ ಟೈಲ್ಸ್ ಬಿದ್ದಿದ್ದವು. ಹೆಂಡತಿ ಅವುಗಳಲ್ಲಿ ಎರಡು ಅಟ್ಟಿ ಒಟ್ಟಿ, ಅವುಗಳ ಮುಂದೆ ಹಳೆಯ ಬಾಗಿಲಿನ ಹಲಗೆ ಅಡ್ಡ ಇಟ್ಟಳು. ಗಂಡನನ್ನು ಕರೆದು, ಹಲಗೆಯ ಮೇಲೆ ಕಾಣುವುದನ್ನು ಎಣಿಸಿ ಅಂದಳು.

ಅಟ್ಟಿಯಣ್ಣ ಬಾಗಿಲಲ್ಲೇ ನಿಂತು ಕಣ್ಣಲ್ಲೇ ಎಣಿಸಿದ. ಆ ಕಡೆ ಆರು, ಈ ಕಡೆ ಮೂರು. ಇದಕ್ಕೂ ನನ್ನನ್ನು ಎಬ್ಬಿಸಬೇಕಾಗಿತ್ತೇ ಎಂದ.

"ಹಂಗಾದ್ರೆ ಇದು ಅದರ ಅರ್ಧ?"

"ಅರ್ಧ."

"ಬುಡ ನೋಡಿದ್ರಾ?"

ಹೆಂಡತಿ ಹಲಗೆ ತೆಗೆದಳು. ಅದರ ಹಿಂದೆ ಎರಡೂ ಕಡೆ ನಲವತ್ತು ನಲವತ್ತು ಟೈಲುಗಳಿದ್ದವು. ಈಗ ನಿಂತದ್ದು ನಲವತ್ತಾರರ ಅಟ್ಟಿ ಮತ್ತು ನಲವತ್ತಮೂರರ ಅಟ್ಟಿ. ದೂರದಿಂದ ನೋಡಿದರೆ ಯಾವುದು ದೊಡ್ಡದು ಎಂದು ಹೇಳುವುದೇ ಕಷ್ಟ. ಒಂದು ಟೈಲು ಅಂದರೆ ಎರಡು ಅಳತೆ ಧೂಳು ಎಂದು ಲೆಕ್ಕ ಇಟ್ಟುಕೊಳ್ಳಿ, ಇದು ತೊಂಬತ್ತೆರಡು, ಇದು ಎಂಬತ್ತಾರು, ನಿಮ್ಮ ಊಟದ ಕೋಣೆಯ ಚಿತ್ರವೇ ಇದು, ಹಲಗೆ ಇಟ್ಟವರು ಅವರು ಎಂದು ಅವಳು ಹೇಳಿದಳು. ಧ್ವನಿ ಎತ್ತಲಿಲ್ಲ. ಮಗಳು ಫೋನು ತೆಗೆದು ಫೋಟೋದ ಕೆಳಗಿನ ಎಂಬತ್ತನ್ನು ತಾನೂ ಹುಡುಕಿಕೊಂಡಳು.

"ಶೆಡ್ಡಿನ ಬಾಗ್ಲಲ್ಲಿ ಒಂದು ತುಕ್ಕು ಹಿಡಿದ ತಗಡಿನ ಬೋರ್ಡಿದೆ ಅಂತಿದ್ರಲ್ಲ. ಧೂಳು ಇಷ್ಟರ ಒಳಗಿರ್ಬೇಕು ಅಂತ. ಎಷ್ಟು ಬರ್ದಿದೆ ಅದ್ರಲ್ಲಿ?"

ಅಟ್ಟಿಯಣ್ಣ ಮೆಟ್ಟಿಲಿಳಿದು ಬಂದು, ಮುಕ್ಕಾದ ಟೈಲುಗಳನ್ನು ಎತ್ತಿ ಎತ್ತಿ ಎರಡು ಅಟ್ಟಿಗಳ ಪಕ್ಕದಲ್ಲಿ ಮೂರನೆಯದನ್ನು ಒಟ್ಟತೊಡಗಿದ. ಒಂದು ಕಾಲದಲ್ಲಿ ಹತ್ತು ಟೈಲು ಒಟ್ಟಿಗೆ ಎತ್ತುತ್ತಿದ್ದವನು ಎರಡೆರಡೇ ಎತ್ತಿದ. ಹನ್ನೆರಡಾದ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಉಸಿರು ತಿರುಗಿಸಿಕೊಂಡ. ಮಗಳು ಕೈ ಹಾಕಲು ಹೋದರೆ ಬೇಡವೆಂದು ತಲೆ ಆಡಿಸಿದ. ಇಪ್ಪತ್ತೈದಕ್ಕೆ ನಿಲ್ಲಿಸಿದ. ಇಪ್ಪತ್ತೈದು ಅಂದರೆ ಐವತ್ತು. ಎರಡು ದೊಡ್ಡ ಅಟ್ಟಿಗಳ ಪಕ್ಕದಲ್ಲಿ ಅದು ಗಿಡ್ಡಗೆ ನಿಂತಿತ್ತು.

ಮೂರು ವರ್ಷ ದಿನಕ್ಕೆ ಎರಡು ಸಲ ಆ ತಗಡಿನ ಕೆಳಗೇ ಅವನು ನಡೆದುಹೋಗಿದ್ದ. ಮಿತಿಯ ಅಂಕಿ ಬಾಗಿಲಲ್ಲಿತ್ತು, ಧೂಳಿನ ಅಂಕಿ ಊಟದ ಕೋಣೆಯಲ್ಲಿತ್ತು. ಎರಡನ್ನೂ ಅವನು ಪಕ್ಕಪಕ್ಕದಲ್ಲಿ ಇಟ್ಟಿರಲಿಲ್ಲ.

ಹೆಂಡತಿ ಡಬ್ಬಗಳ ಕೆಳಗಿದ್ದ ನಾಲ್ಕು ಹಾಳೆಗಳನ್ನು ಸೆರಗಿನಿಂದ ತೆಗೆದು ಟೈಲುಗಳ ಮೇಲೆ ಸಾಲಾಗಿ ಹಾಸಿದಳು. ಪ್ರತಿ ಹಾಳೆಯಲ್ಲೂ ಗುಡ್ಡದಂಥ ಒಂದು ಗೆರೆ. ಒಂದೊಂದಾಗಿ ನೋಡಿದಾಗಲೆಲ್ಲ ಅವನು ಗುಡ್ಡ ಇದೆಯಲ್ಲ, ಸರಿಯಾಗಿಯೇ ಇದೆ ಎಂದುಕೊಂಡು ಮಡಚಿಟ್ಟಿದ್ದ. ಈಗ ಗುಡ್ಡಗಳ ಪಕ್ಕದ ಅಂಕಿಯನ್ನು ಮಗಳು ಓದಿದಳು. ಗಟ್ಟಿಮುಟ್ಟಾದವನು ನೂರು ಊದಿದರೆ ಇವನು ಎಷ್ಟು ಊದಿದ್ದಾನೆ ಎನ್ನುವ ಅಂಕಿ. ಅಂಗಳದಲ್ಲಿದ್ದಾಗ ತೊಂಬತ್ತೊಂದು. ಶೆಡ್ಡಿನ ಮೊದಲ ವರ್ಷ ಎಂಬತ್ತೈದು. ಆಮೇಲೆ ಎಪ್ಪತ್ತಾರು. ಈ ವರ್ಷ ಅರವತ್ತನಾಲ್ಕು.

ಆರು ಇಳೀತು, ಆಮೇಲೆ ಒಂಬತ್ತು, ಆಮೇಲೆ ಹನ್ನೆರಡು ಎಂದು ಅವನೇ ಲೆಕ್ಕ ಹಾಕಿದ. ಇಳಿಯುವ ವೇಗವೂ ಏರುತ್ತಿದೆ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

"ಧೂಳು ಇಳಿದಿದೆ ಅಂತ ಬರ್ದಿದ್ರು," ಅಂದ. ಹಾಳೆಗಳನ್ನು ಒಂದರ ಮೇಲೊಂದು ಜೋಡಿಸುತ್ತ ಅಂದ, "ಇಳಿದಿದೆ. ಎಲ್ಲಿಗೆ ಅಂತ ಬರ್ದಿಲ್ಲ."

ಮಗಳು ತಾನು ಶೆಡ್ಡಿಗೆ ಹೋಗುವುದಿಲ್ಲ, ಪ್ಯಾಕಿಂಗಿನಲ್ಲೇ ಇರುತ್ತೇನೆ ಎಂದಳು. ಕಾಯಂ ಆಗುವ ಮಾತು ಯಾರೂ ಎತ್ತಲಿಲ್ಲ. ಅಟ್ಟಿಯಣ್ಣ ಮಗಳ ತಲೆಯ ಮೇಲೆ ಕೈಯಿಟ್ಟ. ಕೈಯ ಗೆರೆಗಳಲ್ಲಿ ಬಿಳಿ ಧೂಳು ಹಾಗೇ ಇತ್ತು.

ಸೋಮವಾರ ಊಟದ ಹೊತ್ತಿಗೆ ಅವನು ಅಟ್ಟಿಗೆ ಗುರುತು ಹಾಕುವ ಕಪ್ಪು ಬಳಪ ಹಿಡಿದು ಹಾಳೆಯ ಮುಂದೆ ನಿಂತ. ಚಿತ್ರದಲ್ಲಿ ಕೆಂಪು ಕಂಬ ಸರಿಯಾಗಿ ಒಂದು ಗೇಣು ಉದ್ದವಿತ್ತು, ಹನ್ನೆರಡು ಅಳತೆಗೆ ಒಂದು ಗೇಣು. ಅದೇ ಲೆಕ್ಕದಲ್ಲಿ ಹಾಳೆಯ ಕೆಳಗಿನ ಗೋಡೆಯ ಮೇಲೆ ಎರಡೂ ಕಂಬಗಳನ್ನು ಕೆಳಕ್ಕೆ ಇಳಿಸುತ್ತ ಹೋದ. ಎರಡು ಗೇಣು. ನಾಲ್ಕು ಗೇಣು. ಉಣ್ಣುತ್ತಿದ್ದವರು ತಟ್ಟೆ ಹಿಡಿದು ಹತ್ತಿರ ಬಂದರು. ಆರು ಗೇಣು, ಮೇಲೆ ಮುಕ್ಕಾಲಿಗೆ ತುಸು ಕಡಿಮೆ. ಗೆರೆ ನೆಲಕ್ಕೆ ಬಂದು ಮುಟ್ಟಿತು. ಅಲ್ಲಿ ಮಂಡಿಯೂರಿ ಸೊನ್ನೆ ಬರೆದ. ಆಮೇಲೆ ನೆಲದಿಂದ ನಾಲ್ಕು ಗೇಣಿಗಿಂತ ತುಸು ಮೇಲೆ ಅಡ್ಡಗೆರೆ ಎಳೆದು, ಅದರ ಪಕ್ಕ ಐವತ್ತು ಎಂದು ಬರೆದ. ಎರಡೂ ಕಂಬಗಳು ಆ ಗೆರೆಯನ್ನು ದಾಟಿ ಮೇಲಕ್ಕೆ ಹೋಗಿದ್ದವು. ಎದ್ದು ನಿಲ್ಲಲು ಅವನಿಗೆ ಇಬ್ಬರು ಬೇಕಾದರು.

ಮರುದಿನ ಗೋಡೆಗೆ ಸುಣ್ಣ ಬಳಿದಿದ್ದರು. ಹಾಳೆಯೂ ಇರಲಿಲ್ಲ. ಅದರ ಜಾಗದಲ್ಲಿ ಹೂವಿನ ಚಿತ್ರವಿತ್ತು. ಆದರೆ ನೋಡಬೇಕಾದವರು ನೋಡಿಯಾಗಿತ್ತು. ಶೆಡ್ಡಿನ ಹನ್ನೊಂದು ಮಂದಿ ತಮ್ಮ ತಮ್ಮ ಊದಿದ ಹಾಳೆಗಳನ್ನು ಸಾಲಾಗಿ ಜೋಡಿಸಿಕೊಂಡು ನರ್ಸಕ್ಕನ ಹತ್ತಿರ ಹೋದರು. ಅವಳು ಅವರನ್ನು ದೊಡ್ಡಾಸ್ಪತ್ರೆಗೆ ಕಳಿಸಿದಳು. ಗರಗಸಕ್ಕೆ ನೀರು ಬಿಟ್ಟು ಕಲ್ಲು ಕೊಯ್ದರೆ ಧೂಳು ಏಳುವುದು ಕಡಿಮೆಯಾಗುತ್ತದೆ, ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಧೂಳು ತಡೆಯುವ ಸರಿಯಾದ ಮುಖಗವಸು ಬೇಕು ಎಂದು ಎಲ್ಲರೂ ಸೇರಿ ಬರೆದು ಕೊಟ್ಟರು. ಕಾರ್ಖಾನೆಯವರು ಪರಿಶೀಲಿಸುತ್ತೇವೆ ಎಂದಿದ್ದಾರೆ. ನೀರಿನ ಪೈಪು ಇನ್ನೂ ಬಂದಿಲ್ಲ.

ಅಟ್ಟಿಯಣ್ಣ ಈಗ ಮನೆಯಲ್ಲೇ ಇದ್ದಾನೆ. ಕಲ್ಲಿನ ಧೂಳು ಒಳಗೆ ಮಾಡಿದ ಗಾಯ ಮಾಯುವುದಿಲ್ಲ, ಇನ್ನಷ್ಟು ಆಗದಂತೆ ನೋಡಿಕೊಳ್ಳಬಹುದು ಅಷ್ಟೇ ಎಂದು ಡಾಕ್ಟರು ಹೇಳಿದ್ದಾರೆ. ಬಕೆಟ್ಟಿನ ನೀರು ತಿಳಿಯಾಗಿದೆ. ಆ ತಿಳಿನೀರು ನೋಡಿದಾಗಲೆಲ್ಲ ಹೆಂಡತಿ, ಸ್ಲೇಟು ಮೂರು ವರ್ಷ ಮೊದಲೇ ಕೈಗೆ ಬರಬೇಕಾಗಿತ್ತು ಎನ್ನುತ್ತಾಳೆ. ಸಂಜೆ ಶಾಲೆ ಮಾತ್ರ ಬಿಟ್ಟಿಲ್ಲ. ಈಚೆಗೆ ಗಂಡನೂ ಜೊತೆಗೆ ಹೋಗುತ್ತಾನೆ, ದಾರಿಯಲ್ಲಿ ಮೂರು ಕಡೆ ನಿಂತು ನಿಂತು. ಅಲ್ಲಿ ಹೊಸಬರಿಗೆ ಅವನು ಹೇಳುವ ಮೊದಲ ಪಾಠ ಹಳೆಯದೇ.

ಇದನ್ನು ಓದುತ್ತಿರುವ ಅಕ್ಕಾ, ಅಣ್ಣಾ, ಒಂದು ಮಾತು. ನಿಮ್ಮ ಮುಂದೆಯೂ ದಿನಾ ಕಂಬಗಳು, ಗೆರೆಗಳು, ಬಣ್ಣಬಣ್ಣದ ಚಿತ್ರಗಳು ಬಂದು ನಿಲ್ಲುತ್ತವೆ. ಅಂಗಡಿಯ ಬಾಗಿಲಲ್ಲಿ, ಔಷಧಿಯ ಡಬ್ಬದ ಮೇಲೆ, ಕೆಲಸದ ಜಾಗದಲ್ಲಿ, ಫೋನಿನಲ್ಲಿ. ಹಸಿರು ಬಣ್ಣ ನೋಡಿ ನೆಮ್ಮದಿ ಪಡಬೇಡಿ, ಎತ್ತರ ನೋಡಿ ಒಪ್ಪಿಬಿಡಬೇಡಿ. ಪಕ್ಕದ ಸಣ್ಣ ಅಂಕಿ ಎಲ್ಲಿಂದ ಶುರುವಾಗಿದೆ ನೋಡಿ. ಎಷ್ಟಿದ್ದರೆ ಸರಿ ಎನ್ನುವ ಗೆರೆ ಅದರಲ್ಲಿದೆಯೇ ಎಂದು ಕೇಳಿ. ಇಲ್ಲದಿದ್ದರೆ ಹುಡುಕಿ, ಅದು ತುಕ್ಕು ಹಿಡಿದು ಬಾಗಿಲ ಮೇಲೇ ಇದ್ದೀತು. ನಿಮ್ಮ ಮೈಯ ಕಥೆ ಹೇಳುವ ಹಾಳೆಗಳನ್ನು ಡಬ್ಬದ ಕೆಳಗೆ ಹಾಸಬೇಡಿ, ಹಿಂದಿನ ವರ್ಷದ್ದರ ಪಕ್ಕದಲ್ಲಿ ಇಟ್ಟು ನೋಡಿ. ಓದಲು ಬರದಿದ್ದರೆ ಬರುವವರನ್ನು ಕೇಳಿ, ಕೇಳುವುದಕ್ಕೆ ನಾಚಿಕೆ ಬೇಡ. ಮನೆಯಲ್ಲಿ ಬಟ್ಟೆ ಒಗೆಯುವವರು, ಗುಡಿಸುವವರು ಏನಾದರೂ ಅಂದರೆ ನಗಾಡಬೇಡಿ, ಅವರ ಬಕೆಟ್ಟು ಯಾರ ಮರ್ಜಿಯನ್ನೂ ಕಾಯುವುದಿಲ್ಲ.

ಚಿತ್ರ ತೋರಿಸಿದವರು ಯಾರೇ ಆಗಿರಲಿ, ಮೊದಲು ಬುಡ ತೋರಿಸಿ ಅನ್ನಿ. ನಿಮಗೆ ಉಸಿರು ಇರುವಾಗಲೇ ಅನ್ನಿ.